ಯಾರು ಮಾಡಿದ ಸಾಲ, ಯಾರು ತೀರಿಸಬೇಕು?

ಸಾಲ ಮಾಡಿದವನು ತೀರಿಸಬೇಕು. ಈ ಮಾತನ್ನು ನಮಗೆ ಯಾವ ಅರ್ಥಶಾಸ್ತ್ರದ ಪುಸ್ತಕವೂ ಕಲಿಸಲಿಲ್ಲ, ನಮ್ಮ ಅವ್ವಂದಿರು ಕಲಿಸಿದರು. ಪಕ್ಕದ ಗುಡಿಸಲಿಂದ ಒಂದು ಸೇರು ರಾಗಿಹಿಟ್ಟು ಇಸ್ಕೊಂಡು ಬಂದರೆ, ಕೂಲಿ ಸಿಕ್ಕಿದ ದಿನ ಸೇರಿನ ಮೇಲೊಂದು ಹಿಡಿ ಜಾಸ್ತಿ ಹಾಕಿ ಕೊಟ್ಟು ಬರುತ್ತಿದ್ದರು. ಕೇರಿಯ ಬದುಕು ನಡೆದದ್ದೇ ಈ ನಂಬಿಕೆಯ ಮೇಲೆ.

ಅದೇ ಕೇರಿಯಲ್ಲಿ ಇನ್ನೊಂದು ಬಗೆಯ ಸಾಲವೂ ಇತ್ತು. ಅಪ್ಪ ಮದುವೆಗೆ ಅಂತ ಇಸ್ಕೊಂಡ ದುಡ್ಡಿಗೆ ಮಗ ಮೀಸೆ ಮೂಡುವ ಮೊದಲೇ ಧಣಿಯ ಕೊಟ್ಟಿಗೆ ಸೇರುತ್ತಿದ್ದ. ಎಷ್ಟು ದುಡಿದರೂ ಅಸಲು ಕರಗುತ್ತಿರಲಿಲ್ಲ. ಲೆಕ್ಕದ ಪುಸ್ತಕ ಧಣಿಯ ಕೈಲಿ, ಅಕ್ಷರ ಧಣಿಯ ಕೈಲಿ. ನಮ್ಮದು ಅಂತ ಇದ್ದದ್ದು ಹೆಬ್ಬೆಟ್ಟು ಮಾತ್ರ. ಅಪ್ಪ ಸತ್ತರೂ ಸಾಲ ಸಾಯುತ್ತಿರಲಿಲ್ಲ. ಮಗನ ಹೆಗಲಿಗೆ ಬಂದು ಕೂರುತ್ತಿತ್ತು.

ಎರಡಕ್ಕೂ ಸಾಲ ಅಂತಲೇ ಹೆಸರು. ಆದರೆ ಎರಡೂ ಒಂದೇ ಏನು? ಅವ್ವ ಹಿಂದಿರುಗಿಸಿದ ಹಿಟ್ಟು, ಮಗ ತೆತ್ತ ಜೀತ, ಎರಡನ್ನೂ ಒಂದೇ ನೀತಿಯ ತಕ್ಕಡಿಯಲ್ಲಿ ತೂಗಬಹುದೇನು? ಇದು ಒಂದು ಊರಿನ ಪ್ರಶ್ನೆ ಮಾತ್ರ ಅಲ್ಲ. ಇಡೀ ದೇಶದೇಶಗಳನ್ನೇ ಕೊಟ್ಟಿಗೆಗೆ ಕಟ್ಟುವ ಸಾಲಗಳಿವೆ. ಅವಕ್ಕೆ 'ಅಂತರರಾಷ್ಟ್ರೀಯ ಆರ್ಥಿಕ ಸಹಕಾರ' ಎಂಬ ಒಳ್ಳೆಯ ಹೆಸರೂ ಇದೆ. ಆ ಹೆಸರಿನ ಒಳಗೆ ಏನಿದೆ ಅಂತ ನಾವು ನೋಡಬೇಕಾಗಿದೆ.

ಮೊದಲು ಹೈಟಿಯ ಕತೆ. ಅದು ಕೆರಿಬಿಯನ್ ಸಮುದ್ರದಲ್ಲಿ ಫ್ರೆಂಚರ ವಸಾಹತಾಗಿತ್ತು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಅಲ್ಲಿ ಕಬ್ಬು, ಕಾಫಿ ಬೆಳೆದು ಫ್ರಾನ್ಸನ್ನು ಕೊಬ್ಬಿಸಿದರು. 1791ರಲ್ಲಿ ಆ ಗುಲಾಮರು ಬಂಡೆದ್ದರು. ನೆಪೋಲಿಯನ್ ಕಳಿಸಿದ ಸೈನ್ಯವನ್ನೂ ಸೋಲಿಸಿ 1804ರಲ್ಲಿ ತಮ್ಮದೇ ಸ್ವತಂತ್ರ ರಾಜ್ಯ ಸಾರಿದರು. ಲೋಕದ ಚರಿತ್ರೆಯಲ್ಲಿ ಗುಲಾಮರೇ ಎದ್ದುನಿಂತು ಕಟ್ಟಿದ ದೇಶ ಅದು. ನಮ್ಮ ಶಾಲೆಯ ಪಾಠಗಳಲ್ಲಿ ಫ್ರೆಂಚ್ ಕ್ರಾಂತಿ ಬರುತ್ತದೆ, ಹೈಟಿಯ ಕ್ರಾಂತಿ ಬರುವುದಿಲ್ಲ.

1825ರಲ್ಲಿ ಫ್ರಾನ್ಸಿನ ದೊರೆ ಹತ್ತನೇ ಚಾರ್ಲ್ಸ್ ಯುದ್ಧದ ಹಡಗುಗಳನ್ನು ಕಳಿಸಿದ. ಹಡಗಿನಲ್ಲಿ ತೋಪೂ ಇತ್ತು, ಒಂದು ಕಾಗದವೂ ಇತ್ತು. ನಿಮ್ಮ ಸ್ವಾತಂತ್ರ್ಯವನ್ನು ಒಪ್ಪಬೇಕಾದರೆ 15 ಕೋಟಿ ಫ್ರಾಂಕ್ ಕೊಡಿ ಅಂತ ಕಾಗದ. ಯಾತಕ್ಕೆ? ತೋಟ ಕಳಕೊಂಡ, ಗುಲಾಮರನ್ನು ಕಳಕೊಂಡ ಒಡೆಯರಿಗೆ ಪರಿಹಾರವಂತೆ! ಅಂದರೆ ಚಾವಟಿ ಏಟು ತಿಂದ ಬೆನ್ನೇ ಚಾವಟಿ ಹಿಡಿದ ಕೈಗೆ ನಷ್ಟ ತುಂಬಿಕೊಡಬೇಕು. ತನ್ನ ಮೈಯ ಬೆಲೆಯನ್ನು ತಾನೇ ಕಟ್ಟಬೇಕು.

ಅಷ್ಟು ದುಡ್ಡು ಹೈಟಿಯಲ್ಲಿ ಇರಲಿಲ್ಲ. ಮೊದಲ ಕಂತಿಗೆ ಪ್ಯಾರಿಸ್ಸಿನ ಬ್ಯಾಂಕಿನವರ ಹತ್ತಿರವೇ 3 ಕೋಟಿ ಫ್ರಾಂಕ್ ಸಾಲ ಎತ್ತಿಸಿದರು. ಅದರಲ್ಲಿ 60 ಲಕ್ಷವನ್ನು ಬ್ಯಾಂಕಿನವರು ಮುರಕೊಂಡೇ ಕೊಟ್ಟರು. ದಂಡವೂ ಅವರಿಗೇ, ದಂಡ ಕಟ್ಟಲು ತಂದ ಸಾಲದ ಬಡ್ಡಿಯೂ ಅವರಿಗೇ. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು. ಆದರೂ ಆ ಸಾಲದಿಂದ ಹುಟ್ಟಿದ ಸಾಲಗಳ ಕೊನೆಯ ಕಂತು ತೀರಿದ್ದು 1947ರಲ್ಲಿ. ಲೆಕ್ಕ ಹಾಕಿ ನೋಡಿ, 122 ವರ್ಷ. ಶಾಲೆ ಕಟ್ಟಬೇಕಾದ ದುಡ್ಡು, ರಸ್ತೆ ಹಾಕಬೇಕಾದ ದುಡ್ಡು, ಕಾಫಿ ಬೆಳೆದವನ ಬೆವರಿನ ದುಡ್ಡು ಹಡಗು ಹತ್ತಿ ಹೋಯಿತು. ಇವತ್ತು ಅದೇ ದೇಶವನ್ನು ತೋರಿಸಿ 'ಕರಿಯರಿಗೆ ಆಳಿಕೊಳ್ಳಲು ಬರುವುದಿಲ್ಲ' ಅನ್ನುವವರಿದ್ದಾರೆ. ನಮ್ಮೂರುಗಳಲ್ಲೂ ಅಕ್ಷರ ಕೊಡದೆ 'ಇವಕ್ಕೆ ಬುದ್ಧಿ ಇಲ್ಲ' ಅಂದವರನ್ನು ನಾವು ಬಲ್ಲೆವು.

2003ರಲ್ಲಿ ಹೈಟಿಯ ಅಧ್ಯಕ್ಷ ಅರಿಸ್ಟಿಡ್ ಲೆಕ್ಕ ತಿರುಗಿಸಿ ಹಾಕಿದರು. ನಮ್ಮಿಂದ ಕಿತ್ತುಕೊಂಡದ್ದು ಇಂದಿನ ಬೆಲೆಯಲ್ಲಿ 2,100 ಕೋಟಿ ಡಾಲರಿಗೂ ಹೆಚ್ಚು, ವಾಪಸ್ ಕೊಡಿ ಅಂತ ಫ್ರಾನ್ಸನ್ನು ಕೇಳಿದರು. 2004ರ ಫೆಬ್ರವರಿಯಲ್ಲಿ ಅವರು ಅಧಿಕಾರ ಕಳಕೊಂಡು ದೇಶ ಬಿಡಬೇಕಾಯಿತು. ದುಡ್ಡು ಬರಲಿಲ್ಲ.

ಇಲ್ಲಿ ನಮ್ಮ ದೇಶದ ಒಂದು ಕಾನೂನನ್ನು ನೆನೆಯಬೇಕು. 1976ರ ಜೀತ ರದ್ದತಿ ಕಾಯ್ದೆ ಬರೀ 'ಜೀತ ಬೇಡ' ಅಂದು ಸುಮ್ಮನಾಗಲಿಲ್ಲ. ಜೀತದ ಸಾಲವೇ ರದ್ದು ಅಂದಿತು. ಒತ್ತೆ ಇಟ್ಟ ಆಸ್ತಿಯನ್ನು ಬಿಡಿಸಿಕೊಡಬೇಕು ಅಂದಿತು. ಇನ್ನೂ ಮುಂದೆ ಹೋಗಿ, ರದ್ದಾದ ಸಾಲವನ್ನು ವಸೂಲಿ ಮಾಡಿದವನೇ ಅಪರಾಧಿ, ಅವನಿಗೆ ಜೈಲು ಅಂದಿತು. ಕಾಯ್ದೆ ಎಷ್ಟು ಜಾರಿಯಾಯಿತು ಅನ್ನುವುದು ಬೇರೆ ಮಾತು. ಅದನ್ನು ನಾವು ಮರೆತಿಲ್ಲ. ಆದರೆ ಅದರ ನೀತಿ ದೊಡ್ಡದು. ಮನುಷ್ಯನನ್ನು ಕಟ್ಟಿಹಾಕುವ ಸಾಲ ಸಾಲವೇ ಅಲ್ಲ ಎಂದು ಒಂದು ರಾಷ್ಟ್ರದ ಸಂಸತ್ತು ಒಪ್ಪಿಕೊಂಡಿತು. ಹಾಗಾದರೆ ಊರಿನ ಧಣಿ ಮಾಡಿದರೆ ಅಪರಾಧವಾದದ್ದು, ಲೋಕದ ಧಣಿ ಮಾಡಿದರೆ 'ಸಹಕಾರ' ಹೇಗಾಗುತ್ತದೆ?

ಸಾಲ ಅಂದರೆ ಸಾಲ, ದೊಡ್ಡವನಿಗೂ ಒಂದೇ ಚಿಕ್ಕವನಿಗೂ ಒಂದೇ ಅಂತ ಪಂಡಿತರು ಹೇಳುತ್ತಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಬ್ರಿಟನ್ ನಮಗೇ ಸಾಲಗಾರನಾಗಿದ್ದ ಕಾಲವನ್ನು ನೋಡೋಣ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಭಾರತದಿಂದ ದವಸ, ಬಟ್ಟೆ, ಸಾಮಾನು, ಸೈನಿಕರ ಖರ್ಚು ಎಲ್ಲ ಎತ್ತಿತು. ಕೈಗೆ ಕಾಸು ಕೊಡಲಿಲ್ಲ. ಲಂಡನ್ನಿನ ಪುಸ್ತಕದಲ್ಲಿ 'ಭಾರತಕ್ಕೆ ಇಷ್ಟು ಪೌಂಡ್ ಕೊಡಬೇಕು' ಅಂತ ಬರೆದಿಟ್ಟಿತು. ಆ ಬರಹದ ಆಧಾರದ ಮೇಲೆ ಇಲ್ಲಿ ರೂಪಾಯಿ ನೋಟು ಅಚ್ಚಾಯಿತು. ನೋಟು ಹೆಚ್ಚಿತು, ದವಸ ಹೆಚ್ಚಲಿಲ್ಲ, ಬೆಲೆ ಗಗನಕ್ಕೇರಿತು. 1943ರ ಬಂಗಾಳದ ಬರಗಾಲದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಭೂಮಿಯಿಲ್ಲದ ಕೂಲಿಗಳು, ಮೀನುಗಾರರು, ಊರಿನ ಕಸುಬುದಾರರು. ಸಾಮ್ರಾಜ್ಯಕ್ಕೆ ಸಾಲ ಕೊಟ್ಟವರು ಯಾರು ಅಂತ ಕೇಳಿದರೆ ನಿಜವಾಗಿ ಅವರೇ. ತಮ್ಮ ತಟ್ಟೆಯ ಅನ್ನ ಕೊಟ್ಟರು. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಬಾಕಿ ಸುಮಾರು 130 ಕೋಟಿ ಪೌಂಡ್.

1944ರ ಜುಲೈನಲ್ಲಿ ಅಮೆರಿಕದ ಬ್ರೆಟನ್ ವುಡ್ಸ್ ಎಂಬಲ್ಲಿ 44 ದೇಶಗಳ ಪ್ರತಿನಿಧಿಗಳು ಕೂತರು. ಮುಂದಿನ ಲೋಕದ ಹಣಕಾಸಿನ ನಿಯಮ ಬರೆಯಲಿಕ್ಕೆ ಕೂತದ್ದು. ವಿಶ್ವಬ್ಯಾಂಕ್, ಐಎಂಎಫ್ ಎರಡೂ ಹುಟ್ಟಿದ್ದು ಅಲ್ಲೇ. ಭಾರತದ ನಿಯೋಗವೂ ಹೋಗಿತ್ತು. ಅದರ ಮುಖ್ಯಸ್ಥ ಜೆರೆಮಿ ರೈಸ್‌ಮನ್ ಎಂಬ ಬ್ರಿಟಿಷ್ ಅಧಿಕಾರಿ! ಸಾಲ ಕೊಟ್ಟ ಮನೆಯ ಪರವಾಗಿ ಮಾತಾಡಲು ಸಾಲಗಾರನ ಮನೆಯವನೇ ಮುಂದೆ ನಿಂತಿದ್ದ. ಆದರೂ ನಿಯೋಗದಲ್ಲಿದ್ದ ಸಿ.ಡಿ. ದೇಶಮುಖ್, ಷಣ್ಮುಖಂ ಚೆಟ್ಟಿ, ಎ.ಡಿ. ಶ್ರಾಫ್ ಮುಂತಾದವರಿಂದ ಈ ಬಾಕಿಯ ಮಾತು ಸಭೆಯಲ್ಲಿ ಎದ್ದಿತು. ಯುದ್ಧದಲ್ಲಿ ಹುಟ್ಟಿದ ಇಂಥ ಸಾಲಗಳಲ್ಲಿ ಒಂದು ಪಾಲನ್ನಾದರೂ ತೀರಿಸುವ ದಾರಿ ಹೊಸ ನಿಧಿಯ ನಿಯಮದಲ್ಲಿ ಇರಲಿ ಅಂತ ಕೇಳಿಕೆ. ಬ್ರಿಟನ್ನಿನ ಪರವಾಗಿ ಕೇನ್ಸ್ ಎದ್ದು ಬಹಳ ಸೌಜನ್ಯದಿಂದ ವಂದನೆ ಹೇಳಿದರು. ಇದು ಸಾಲ ಕೊಟ್ಟವರು, ತೆಗೆದುಕೊಂಡವರು ತಮ್ಮತಮ್ಮೊಳಗೇ ಮಾತಾಡಿ ತೀರಿಸಿಕೊಳ್ಳುವ ವಿಷಯ ಅಂದರು. ಅಮೆರಿಕವೂ ಕೈಜೋಡಿಸಲಿಲ್ಲ. ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಬ್ರಿಟನ್ ಸಾಲವನ್ನು ಪೂರ್ತಿ ನುಂಗಿತು ಅಂತ ನಾವು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. 1947ರಿಂದ ಒಪ್ಪಂದದ ಮೇಲೆ ಒಪ್ಪಂದ ಮಾಡಿಕೊಂಡು, ಕಂತುಕಂತಾಗಿ ಬಿಡುಗಡೆ ಮಾಡಿತು. ಅದರಲ್ಲೇ ಬ್ರಿಟಿಷ್ ಅಧಿಕಾರಿಗಳ ಪಿಂಚಣಿಯ ಬಾಬ್ತು, ಇಲ್ಲಿ ಬಿಟ್ಟುಹೋದ ಮಿಲಿಟರಿ ಸಾಮಾನಿನ ಬಾಬ್ತು ಮುರಕೊಂಡಿತು. 1949ರ ಸೆಪ್ಟೆಂಬರಿನಲ್ಲಿ ಪೌಂಡಿನ ಬೆಲೆಯನ್ನು ಡಾಲರಿನ ಎದುರು ಶೇ. 30ರಷ್ಟು ಇಳಿಸಿದಾಗ ಉಳಿದ ಬಾಕಿಯ ಬೆಲೆಯೂ ಅಷ್ಟು ಕರಗಿತು. ಯಾವಾಗ ಕೊಡಬೇಕು, ಎಷ್ಟೆಷ್ಟು ಕೊಡಬೇಕು ಅನ್ನುವುದರಲ್ಲಿ ಸಾಲಗಾರನ ಮಾತೇ ನಡೆಯಿತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವ ಗಾದೆ ಇದಕ್ಕೇ ಹುಟ್ಟಿದಂತಿದೆ. ಆದರೆ ಇಸ್ಕೊಂಡವನು ಬಡವನಾದರೆ ಈ ಗಾದೆ ನಡೆಯೋದಿಲ್ಲ. ಆಗ ಇಸ್ಕೊಂಡೋನೇ ಕೋಡಂಗಿ.

ಅಲ್ಲಿ ಹುಟ್ಟಿದ ಸಂಸ್ಥೆಗಳ ಒಳಗನ್ನೂ ಒಮ್ಮೆ ನೋಡಬೇಕು. ಐಎಂಎಫ್‌ನಲ್ಲಿ ಒಂದು ದೇಶಕ್ಕೆ ಒಂದು ಓಟು ಇಲ್ಲ. ಪಾಲಿಗೆ ತಕ್ಕ ಓಟು. ದೊಡ್ಡ ತೀರ್ಮಾನಗಳಿಗೆ ಶೇ. 85 ಓಟು ಬೇಕು. ಅಮೆರಿಕ ಒಂದರ ಕೈಲೇ ಸುಮಾರು ಶೇ. 16.5 ಇದೆ. ಅಂದರೆ ಅದು ಬೇಡ ಅಂದರೆ ಮುಗೀತು. 140 ಕೋಟಿ ಜನರ ಭಾರತಕ್ಕೆ ಶೇ. 2.6ರ ಆಸುಪಾಸು, 7 ಕೋಟಿ ಮುಟ್ಟದ ಬ್ರಿಟನ್ನಿಗೆ ಶೇ. 4. ವಿಶ್ವಬ್ಯಾಂಕಿನ ಅಧ್ಯಕ್ಷಗಿರಿ ಮೊದಲಿಂದ ಅಮೆರಿಕದ ಪೌರರಿಗೆ, ಐಎಂಎಫ್ ಯಜಮಾನಿಕೆ ಯೂರೋಪಿನವರಿಗೆ. ಊರ ಪಂಚಾಯ್ತಿಯಲ್ಲಿ ಜಗಲಿಯ ಮೇಲೆ ಯಾರು ಕೂರಬೇಕು, ಕೆಳಗೆ ಯಾರು ಕೈಕಟ್ಟಿ ನಿಲ್ಲಬೇಕು ಅಂತ ಹುಟ್ಟಿಗೆ ಮುಂಚೆಯೇ ಗೊತ್ತಾಗಿದ್ದ ಹಾಗೆ!

ಮೇಲಿನವರಿಗೆ ಬೇಕಾದಾಗ ಸಾಲ ಮನ್ನಾ ಆಗುತ್ತದೆ ಅನ್ನುವುದಕ್ಕೂ ಸಾಕ್ಷಿ ಉಂಟು. 1953ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಪಶ್ಚಿಮ ಜರ್ಮನಿಯ ಸಾಲದ ಒಪ್ಪಂದವಾಯಿತು. ಎರಡು ಮಹಾಯುದ್ಧ ಮಾಡಿದ, ಲಕ್ಷಾಂತರ ಯಹೂದಿಗಳನ್ನು ಕೊಂದ ದೇಶ ಅದು. ಅದರ ಹೊರಸಾಲದಲ್ಲಿ ಹೆಚ್ಚುಕಡಿಮೆ ಅರ್ಧ ಹೊಡೆದುಹಾಕಿದರು. ಉಳಿದದ್ದನ್ನು ಕಟ್ಟುವುದನ್ನೂ ವ್ಯಾಪಾರದಲ್ಲಿ ಬರುವ ಮಿಗತೆಗೆ ಗಂಟುಹಾಕಿದರು. ಅಂದರೆ ಜನರ ತುತ್ತು ಕಿತ್ತು ಕಟ್ಟಬೇಕಿಲ್ಲ, ನಮಗೆ ಮಾಲು ಮಾರಿ ಗಳಿಸಿ ಕಟ್ಟಿ ಅಂದರು. ಯುದ್ಧದ ಪರಿಹಾರವನ್ನು ಮುಂದಕ್ಕೆ ತಳ್ಳಿದರು. ಜರ್ಮನಿ ಎದ್ದು ನಿಂತಿತು. ಒಳ್ಳೆಯದಾಯಿತು, ನಮಗೇನೂ ಹೊಟ್ಟೆಕಿಚ್ಚಿಲ್ಲ. ಸಾಲಗಾರನನ್ನು ಬದುಕಗೊಟ್ಟು ವಸೂಲಿ ಮಾಡುವ ವಿದ್ಯೆ ಲೋಕಕ್ಕೆ ಗೊತ್ತಿದೆ ಅಂತಾಯಿತು. ಹಾಗಾದರೆ ಹೈಟಿಗೆ ಯಾಕೆ ಆ ವಿದ್ಯೆ ನೆನಪಾಗಲಿಲ್ಲ? 2010ರ ನಂತರ ಗ್ರೀಸಿನ ಮುದುಕರ ಪಿಂಚಣಿ ಕತ್ತರಿಸುವಾಗ ಯಾಕೆ ನೆನಪಾಗಲಿಲ್ಲ? 1953ರ ಒಪ್ಪಂದಕ್ಕೆ ಸಹಿ ಹಾಕಿದ ಸಾಲಿಗ ದೇಶಗಳಲ್ಲಿ ಗ್ರೀಸೂ ಒಂದು.

ಕಾರಣ ಕರುಣೆಯಲ್ಲ. ಆಗ ಎದುರಿಗೆ ಸೋವಿಯತ್ ಒಕ್ಕೂಟ ಇತ್ತು. ಅದರ ಬಾಗಿಲಲ್ಲಿ ಒಂದು ಗಟ್ಟಿ ಗೋಡೆ ಬೇಕಾಗಿತ್ತು. ಬಲಿಷ್ಠರ ಜಗಳದಲ್ಲಿ ಸಾಲದ ನೀತಿಯೇ ಬದಲಾಗುತ್ತದೆ.

ಅದೇ ಜಗಳದ ಇನ್ನೊಂದು ಮುಖ ಕಾಂಗೋದಲ್ಲಿ ಕಾಣುತ್ತದೆ. ಅಲ್ಲಿ ಜನ ಆರಿಸಿದ ಲುಮುಂಬಾನನ್ನು 1961ರಲ್ಲಿ ಕೊಂದರು. 1965ರಲ್ಲಿ ಮೊಬುಟು ಗದ್ದುಗೆ ಹಿಡಿದ. ದೇಶಕ್ಕೆ ಜೈರ್ ಅಂತ ಹೆಸರಿಟ್ಟ, ಕಾಡಿನ ನಡುವೆ ಅರಮನೆ ಕಟ್ಟಿಸಿದ, ಅಲ್ಲಿಗೆ ದೊಡ್ಡ ವಿಮಾನ ಇಳಿಯುವ ನಿಲ್ದಾಣ ಕಟ್ಟಿಸಿದ. ಐಎಂಎಫ್ ಕಳಿಸಿದ ಎರ್ವಿನ್ ಬ್ಲೂಮೆಂಥಾಲ್ ಎಂಬ ಜರ್ಮನ್ ಅಧಿಕಾರಿ ಒಳಗಿದ್ದು ನೋಡಿ, 1982ರಲ್ಲಿ ವರದಿ ಬರೆದ: ಇಲ್ಲಿ ಭ್ರಷ್ಟಾಚಾರ ಮೇಲಿಂದ ಕೆಳತನಕ ಇದೆ, ಸಾಲ ಕೊಟ್ಟವರಿಗೆ ದುಡ್ಡು ವಾಪಸ್ ಬರುವ ಆಸೆ ಇಲ್ಲ. ಓದಿದರು, ಆಮೇಲೂ ಸಾಲ ಕೊಟ್ಟರು. ಯಾಕೆಂದರೆ ಪಕ್ಕದ ಅಂಗೋಲಾದಲ್ಲಿ ರಷ್ಯಾ, ಕ್ಯೂಬಾಗಳ ನೆರವು ಪಡೆದ ಸರ್ಕಾರ ಇತ್ತು, ಮೊಬುಟು 'ನಮ್ಮವನು'. 1997ರಲ್ಲಿ ಅವನು ಓಡಿಹೋದ. ಅವನು ತಿಂದ ಸಾಲ ಓಡಿಹೋಗಲಿಲ್ಲ, ಗಣಿಯಲ್ಲಿ ಕಲ್ಲು ಹೊರುವವನ ಹೆಸರಿಗೆ ಬಂತು. ಸುಮಾರು 1,200 ಕೋಟಿ ಡಾಲರಿನ ಹೊರೆ ಇಳಿದದ್ದು 2010ರಲ್ಲಿ, ಅದೂ ನೂರೆಂಟು ಷರತ್ತಿನ ಮೇಲೆ.

ಕುಡುಕ ಮನೆಯಜಮಾನನಿಗೆ ಗೊತ್ತಿದ್ದೂ ಗೊತ್ತಿದ್ದೂ ಸಾಲ ಕೊಟ್ಟು, ಅವನು ಸತ್ತ ಮೇಲೆ ಹೆಂಡತಿಯ ತಾಳಿಗೆ ಕೈಹಾಕುವವನಿಗೆ ಊರಿನಲ್ಲಿ ಏನಂತಾರೆ? ಲೋಕದಲ್ಲಿ ಅವನಿಗೆ 'ಸಹಾಯಕ ರಾಷ್ಟ್ರ' ಅಂತಾರೆ.

ಬಡ್ಡಿಯ ವಿಷಯವನ್ನೂ ಮರೆಯಬಾರದು. 1973ರ ನಂತರ ತೈಲದ ದುಡ್ಡು ಪಶ್ಚಿಮದ ಬ್ಯಾಂಕುಗಳಲ್ಲಿ ತುಂಬಿ ತುಳುಕಿತು. ಬ್ಯಾಂಕಿನವರೇ ಲ್ಯಾಟಿನ್ ಅಮೆರಿಕ, ಆಫ್ರಿಕಾಗಳ ಬಾಗಿಲಿಗೆ ಹೋಗಿ ಸಾಲ ಕೊಟ್ಟರು. ಬಹಳಷ್ಟು ಪತ್ರಗಳಲ್ಲಿ ಬಡ್ಡಿ ಮಾರುಕಟ್ಟೆಯ ಜೊತೆ ಏರಿಳಿಯುತ್ತದೆ ಅಂತ ಇತ್ತು. 1979ರಿಂದ ಅಮೆರಿಕ ತನ್ನ ಬೆಲೆಯೇರಿಕೆ ತಡೆಯಲು ಬಡ್ಡಿ ದರ ಏರಿಸಿತು, ಅದು ಶೇ. 20ರ ತನಕ ಹೋಯಿತು. ಜ್ವರ ಬಂದದ್ದು ವಾಷಿಂಗ್ಟನ್ನಿಗೆ, ಕಹಿ ಕುಡಿದದ್ದು ಮೆಕ್ಸಿಕೋ. 1982ರ ಆಗಸ್ಟಿನಲ್ಲಿ ಮೆಕ್ಸಿಕೋ ನಮ್ಮ ಕೈಲಾಗದು ಅಂದಿತು. ಆಮೇಲೆ ಒಂದರ ಹಿಂದೆ ಒಂದು ದೇಶ. ಎಲ್ಲಕ್ಕೂ ಒಂದೇ ಮದ್ದು: ಆಸ್ಪತ್ರೆಯ ಖರ್ಚು ಇಳಿಸಿ, ಸಬ್ಸಿಡಿ ತೆಗೆಯಿರಿ, ಸರ್ಕಾರಿ ಆಸ್ತಿ ಮಾರಿ, ಬಾಗಿಲು ತೆರೆಯಿರಿ. ಜಾಗತೀಕರಣ ಅನ್ನುವ ಗಾಳಿ ಬಹಳ ದೇಶಗಳಿಗೆ ಬೀಸಿದ್ದು ಈ ಸಾಲದ ಕಿಟಕಿಯಿಂದಲೇ. 1991ರಲ್ಲಿ ನಮ್ಮ ದೇಶವೂ 47 ಟನ್ ಚಿನ್ನವನ್ನು ಹೊರಗೆ ಕಳಿಸಿ ಒತ್ತೆ ಇಟ್ಟಿತು, ರೂಪಾಯಿಯ ಬೆಲೆ ಇಳಿಸಿತು.

'ದೇಶ ಸಾಲ ಮಾಡಿತು', 'ದೇಶಕ್ಕೆ ಲಾಭವಾಯಿತು' ಅನ್ನುವಾಗ ಯಾವ ದೇಶ ಅಂತ ನಾವು ಕೇಳಬೇಕು. ಬಾಬಾಸಾಹೇಬರು 1923ರಲ್ಲೇ ರೂಪಾಯಿಯ ಸಮಸ್ಯೆಯ ಮೇಲೆ ಬರೆದ ಗ್ರಂಥದಲ್ಲಿ ಈ ಪ್ರಶ್ನೆಯ ಬೇರನ್ನು ಹಿಡಿದಿದ್ದರು. ರೂಪಾಯಿಯ ಬೆಲೆ ಇಳಿದರೆ ರಫ್ತು ವ್ಯಾಪಾರಿಗೆ ಬರುವ ಲಾಭ ಆಕಾಶದಿಂದ ಉದುರಿದ್ದಲ್ಲ. ಬೆಲೆ ಏರಿದಷ್ಟು ಬೇಗ ಕೂಲಿ ಏರುವುದಿಲ್ಲವಾದ್ದರಿಂದ ಅದು ದೇಶದ ಒಳಗೇ ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋದದ್ದು. ಹಣದ ಲೆಕ್ಕದೊಳಗೆ ವರ್ಗದ ಲೆಕ್ಕ ಇದೆ ಅಂತ ತೋರಿಸಿದವರು ಅವರು. ಸಾಲ ತಂದಾಗ ಯಾರ ತೋಟಕ್ಕೆ ನೀರು ಹರಿಯಿತು, ತೀರಿಸುವಾಗ ಯಾರ ಬಾವಿ ಬತ್ತಿತು, ಎರಡನ್ನೂ ಕೇಳದೆ 'ರಾಷ್ಟ್ರದ ಮರ್ಯಾದೆ' ಅನ್ನುವವರ ಮಾತನ್ನು ನಾವು ನಂಬಬೇಕಾಗಿಲ್ಲ.

ಈಗ ಲೋಕದಲ್ಲಿ ಹೊಸ ಸಾಹುಕಾರ ಬಂದಿದ್ದಾನೆ. 2013ರಿಂದ ಚೀನಾ ರಸ್ತೆ, ಬಂದರು, ರೈಲು ಅಂತ ಏಷ್ಯಾ, ಆಫ್ರಿಕಾಗಳಿಗೆ ಸಾಲ ಕೊಡುತ್ತಿದೆ. ಶ್ರೀಲಂಕಾ 2017ರಲ್ಲಿ ಹಂಬನ್‌ತೋಟ ಬಂದರನ್ನು 99 ವರ್ಷಕ್ಕೆ ಚೀನಾದ ಕಂಪನಿಗೆ ಗುತ್ತಿಗೆ ಕೊಟ್ಟಿತು. ನೋಡಿ, ಚೀನಾದ ಬಲೆ ಅಂತ ಪಶ್ಚಿಮದವರು ಕೂಗಿದರು. ಆದರೆ 2022ರಲ್ಲಿ ಶ್ರೀಲಂಕಾ ಕೈಚೆಲ್ಲಿದಾಗ ಅದರ ಹೊರಸಾಲದಲ್ಲಿ ಚೀನಾದ್ದಕ್ಕಿಂತ ದೊಡ್ಡ ಪಾಲು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬಾಂಡು ಮಾರಿ ಎತ್ತಿದ್ದು. ಆ ವರ್ಷ ಅಲ್ಲಿ ಆಹಾರದ ಬೆಲೆ ಶೇ. 90ಕ್ಕೂ ಹೆಚ್ಚು ಏರಿತು. ಬೆಟ್ಟದ ಮೇಲೆ ಟೀ ಎಲೆ ಕೀಳುವ ತಮಿಳು ಹೆಣ್ಣುಮಗಳು ಬಂದರನ್ನೂ ಕೇಳಿರಲಿಲ್ಲ, ಬಾಂಡನ್ನೂ ಕಂಡಿರಲಿಲ್ಲ. ಅವಳ ಮನೆಯ ಒಲೆ ಆರಿತು. ಆಫ್ರಿಕಾದ ಜಾಂಬಿಯಾ 2020ರಲ್ಲಿ ಕಂತು ನಿಲ್ಲಿಸಿತು. ಮೊದಲು ಯಾರು ಬಿಟ್ಟುಕೊಡಬೇಕು ಅಂತ ಚೀನಾ, ಪಶ್ಚಿಮದ ಸರ್ಕಾರಗಳು, ಬಾಂಡಿನ ವ್ಯಾಪಾರಿಗಳು ಎಳೆದಾಡಿ, ಇತ್ಯರ್ಥಕ್ಕೆ ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಎರಡು ಗೂಳಿ ಕಾದಾಡಿದರೆ ನಡುವಿನ ಗಿಡದ ಗತಿ ಏನು?

ಧಣಿ ಬದಲಾದರೆ ಜೀತ ಬದಲಾಗುವುದಿಲ್ಲ. ಆದರೆ ಧಣಿಗಳಿಬ್ಬರು ಕಚ್ಚಾಡುವಾಗ ಜೀತದಾಳಿಗೆ ಉಸಿರಾಡಲು ಒಂದು ಸಂದು ಸಿಗುತ್ತದೆ, ಅದೂ ನಿಜ. ಆ ಸಂದಿನಲ್ಲೇ 1955ರಲ್ಲಿ ಬಾಂಡುಂಗಿನಲ್ಲಿ ಬಡದೇಶಗಳು ಸೇರಿದವು; 1974ರಲ್ಲಿ ವಿಶ್ವಸಂಸ್ಥೆಯಲ್ಲಿ ಹೊಸ ಆರ್ಥಿಕ ವ್ಯವಸ್ಥೆ ಬೇಕು ಅಂತ ಠರಾವು ಮಾಡಿಸಿದವು. ಠರಾವು ಕಾಗದದಲ್ಲೇ ಉಳಿಯಿತು. ಮುಖ್ಯ ಕಾರಣ ಬಲಿಷ್ಠರ ಹಟ. ಇನ್ನೊಂದು ಕಾರಣವೂ ಇದೆ: ಆ ದೇಶಗಳ ಆಳುವವರಲ್ಲಿ ಅನೇಕರಿಗೆ ಹೊರಗೆ ಸಮಾನತೆ ಬೇಕಿತ್ತು, ಮನೆಯೊಳಗೆ ಬೇಕಿರಲಿಲ್ಲ. ದೆಹಲಿಯಲ್ಲಿ ಕೂತು ಲೋಕಕ್ಕೆ ಸಮಾನತೆ ಬೋಧಿಸಿದವರ ಊರುಗಳಲ್ಲಿ ನಮಗೆ ಕೆರೆಯ ನೀರು ಸಿಗುತ್ತಿರಲಿಲ್ಲ. ಇದನ್ನು ನಾವು ಹೇಳದೆ ಬೇರೆ ಯಾರು ಹೇಳುತ್ತಾರೆ?

ಗೆಳೆಯರೆ, ಇಷ್ಟೆಲ್ಲ ಕೇಳಿ ಒಬ್ಬ ಮೇಷ್ಟ್ರು ಕೇಳಬಹುದು: 'ಹಾಗಾದರೆ ಸಾಲ ತೀರಿಸಬೇಡಿ ಅಂತೀರೇನ್ರಿ? ಕೊಟ್ಟ ಮಾತಿಗೆ ಬೆಲೆ ಬೇಡವೆ?' ಹಗುರವಾದ ಪ್ರಶ್ನೆ ಅಲ್ಲ. ಮಾತು ಉಳಿಸಿಕೊಳ್ಳುವುದೇ ನಮ್ಮ ಬಡವರ ಆಸ್ತಿ. ತಿಂದು ತೇಗಿ ಕೈ ಎತ್ತುವ ದೊಡ್ಡ ಬಂಡವಾಳಗಾರರ ಗುಂಪಿಗೆ ನಾವು ಸೇರಿದವರಲ್ಲ.

ಆದರೆ ತೀರಿಸುವುದೇ ನೀತಿ ಅನ್ನುವವರು ರುಮೇನಿಯವನ್ನು ನೋಡಬೇಕು. ಅಲ್ಲಿಯ ಚೌಷೆಸ್ಕು 1980ರ ದಶಕದಲ್ಲಿ ಹೊರಸಾಲವನ್ನೆಲ್ಲ ತೀರಿಸುತ್ತೇನೆಂದು ಹಟ ಹಿಡಿದ. ಬೆಳೆದ ಆಹಾರವನ್ನೆಲ್ಲ ಹೊರಗೆ ಮಾರಿದ. ಜನ ರೊಟ್ಟಿಗೆ ಸಾಲು ನಿಂತರು, ಕೊರೆಯುವ ಚಳಿಯಲ್ಲಿ ಮನೆಗೆ ಕಾವಿಲ್ಲದೆ ನಡುಗಿದರು. 1989ರ ಏಪ್ರಿಲ್‌ನಲ್ಲಿ ಸಾಲ ತೀರಿತು ಅಂತ ಸಾರಿದ. ಪೈಸೆ ಬಾಕಿ ಇಡದವನು, ಆದರೆ ಜನರಿಗೆ ಇಟ್ಟ ಬಾಕಿ? ಅದೇ ಡಿಸೆಂಬರಿನಲ್ಲಿ ಜನ ಅವನನ್ನು ಕೆಳಗಿಳಿಸಿದರು.

ಆದ್ದರಿಂದ ನಾವು ಹೇಳುವುದು ಇಷ್ಟು. ಸಾಲ ಒಂದು ಅಂಕಿ ಅಲ್ಲ, ಮನುಷ್ಯರ ನಡುವಿನ ಸಂಬಂಧ. ಅದು ನಮ್ಮನ್ನು ನೈತಿಕವಾಗಿ ಕಟ್ಟಬೇಕಾದರೆ ಮೂರು ಮಾತಿಗೆ ಉತ್ತರ ಸಿಗಬೇಕು. ತೆಗೆದುಕೊಂಡವರು ಯಾರು? ಉಂಡವರು ಯಾರು? ಬೇಡ ಅನ್ನುವ ಶಕ್ತಿ ಅವರಿಗಿತ್ತೆ? ಅವ್ವ ತಂದ ರಾಗಿಹಿಟ್ಟು ಮೂರನ್ನೂ ದಾಟುತ್ತದೆ. ತೆಗೆದುಕೊಂಡವಳೂ ಅವಳೇ, ಉಂಡವರು ಅವಳ ಮಕ್ಕಳೇ, ಬೇಡ ಅಂದಿದ್ದರೆ ಯಾರೂ ಹೊಡೆಯುತ್ತಿರಲಿಲ್ಲ. ನಾಳೆ ಅದೇ ಪಕ್ಕದವಳು ಇವಳ ಬಾಗಿಲಿಗೆ ಸೇರು ಹಿಡಿದು ಬರುತ್ತಾಳೆ. ಅದು ಸಹಕಾರ. ಹೈಟಿಯ ಸಾಲ ಮೂರರಲ್ಲೂ ಬೀಳುತ್ತದೆ. ಮೊಬುಟುವಿನ ಸಾಲವೂ ಬೀಳುತ್ತದೆ.

ಹುಟ್ಟುತ್ತಲೇ ಮನುಷ್ಯ ಋಣಿ ಅಂತ ಶಾಸ್ತ್ರದವರು ಹೇಳುತ್ತಾರೆ. ದೇವಋಣ, ಋಷಿಋಣ, ಪಿತೃಋಣ ಅಂತ ಮೂರು ಹೇಳುತ್ತಾರೆ. ಅವರ ಋಣ ಯಜ್ಞದಿಂದ, ಓದಿನಿಂದ, ಮಕ್ಕಳಿಂದ ತೀರುತ್ತದಂತೆ. ನಮ್ಮ ಮಕ್ಕಳು ಹೊತ್ತ ಋಣ ಬೆನ್ನು ಮುರಿದರೂ ತೀರಲಿಲ್ಲ. ಯಾವ ಮಗುವೂ ಸಾಲಗಾರನಾಗಿ ಹುಟ್ಟುವುದಿಲ್ಲ ಅನ್ನುವುದು ನಮ್ಮ ಶಾಸ್ತ್ರ. ಕೇರಿಯ ಮಗುವಿಗೂ ಅದೇ, ಕಾಂಗೋದ ಮಗುವಿಗೂ ಅದೇ.

1987ರ ಜುಲೈನಲ್ಲಿ ಅಡಿಸ್ ಅಬಾಬಾದಲ್ಲಿ ಆಫ್ರಿಕಾದ ದೇಶಗಳ ಮುಖಂಡರು ಸೇರಿದ್ದರು. ಬುರ್ಕಿನಾ ಫಾಸೊ ಎಂಬ ಬಡ ದೇಶದ ಅಧ್ಯಕ್ಷ, 37 ವರ್ಷದ ಥಾಮಸ್ ಸಂಕಾರಾ ಎದ್ದು, ಈ ಸಾಲ ವಸಾಹತುಗಾರರ ಹೊಸ ಸಂಕೋಲೆ, ಇದನ್ನು ತೀರಿಸಬಾರದು ಅಂದ. ಆದರೆ ಒಬ್ಬೊಬ್ಬರೇ ಹೇಳಿದರೆ ನಮ್ಮನ್ನು ಮುಗಿಸುತ್ತಾರೆ, ಎಲ್ಲರೂ ಒಟ್ಟಿಗೆ ಹೇಳಬೇಕು. ನನ್ನ ದೇಶ ಒಂದೇ ಹೇಳಿದರೆ ಮುಂದಿನ ಸಭೆಗೆ ನಾನಿರುವುದಿಲ್ಲ ಅಂತಲೂ ಅಂದ. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು, ಊರಿಗೆ ಹೋಯಿತು. ಅಕ್ಟೋಬರ್ 15ರಂದು ಅವನ ಜೊತೆಯವರೇ ನಡೆಸಿದ ದಂಗೆಯಲ್ಲಿ ಸಂಕಾರಾನ ಕೊಲೆಯಾಯಿತು. ಮುಂದಿನ ಸಭೆಗೆ ಅವನು ನಿಜವಾಗಿಯೂ ಇರಲಿಲ್ಲ.

ಒಬ್ಬ ಜೀತದಾಳು ಒಬ್ಬನೇ ಧಣಿಯ ಅಂಗಳದಲ್ಲಿ ನಿಂತು 'ಲೆಕ್ಕ ತೋರ್ಸಿ' ಅಂದರೆ ಏಟು ಬೀಳುತ್ತದೆ. ಇಡೀ ಕೇರಿ ನಿಂತು ಕೇಳಿದರೆ ಪುಸ್ತಕ ಹೊರಗೆ ಬರುತ್ತದೆ. ಇದನ್ನು ನಾವು ಓದಿ ಕಲಿತದ್ದಲ್ಲ. ಹೊಲೆಯರ ಹಟ್ಟಿಗಳಲ್ಲಿ, ಮಾದಿಗರ ಕೇರಿಗಳಲ್ಲಿ ಮೈಮೇಲೆ ಬರೆ ಬಿದ್ದು ಕಲಿತದ್ದು. ಹಳ್ಳಿಯ ಶಾಲೆಯಲ್ಲಿ ಬಡ್ಡಿ ಲೆಕ್ಕ ಹೇಳಿಕೊಡುವ ಮೇಷ್ಟ್ರುಗಳಿಗೆ ನಮ್ಮ ಒಂದು ವಿನಂತಿ ಇದೆ. ಅಸಲು ಎಷ್ಟು, ದರ ಎಷ್ಟು, ಅವಧಿ ಎಷ್ಟು ಅಂತ ಬರೆಸಿದ ಮೇಲೆ ಹಲಗೆಯ ಮೇಲೆ ಇನ್ನೊಂದು ಸಾಲು ಜಾಗ ಬಿಡಿ. ಈ ಸಾಲವನ್ನು ಉಂಡವರು ಯಾರು ಅಂತ ಮಕ್ಕಳನ್ನು ಕೇಳಿ. ಮೊದಲ ದಿನ ಅವು ಸುಮ್ಮನಿರಬಹುದು. ಮನೆಗೆ ಹೋಗಿ ಅಪ್ಪನನ್ನು ಕೇಳುತ್ತಾವೆ.